ಗೋಡೆ ಕಪಾಟಿಗೆ ಶಹಾಬಾದ ಪರ್ಸಿ: ನನ್ನ ಅನುಭವ

ಕಲಬುರಗಿಯ ನಮ್ಮ ಮನೆಯ ಗೋಡೆ ಕಪಾಟು 5 ಅಡಿ ಅಗಲ, 7 ಅಡಿ ಎತ್ತರ, 20 ಅಂಗುಲ ಆಳ. ಒಳಗಿನ ಖಾನೆಗಳಿಗೆ ಪ್ಲೈವುಡ್ ಬಿಟ್ಟು ಶಹಾಬಾದ ಪರ್ಸಿ, ಅಂದರೆ ಚಪ್ಪಡಿ ಕಲ್ಲು, ಹಾಕಿದೆ. ಪರ್ಸಿಗೆ ಗೆದ್ದಲಿನ ಭಯವಿಲ್ಲ, ಕೌದಿ ಒಟ್ಟಿದರೂ ಬಾಗುವುದಿಲ್ಲ. ಆದರೆ ಒಳಗೆ ಸೀಳಿದ್ದರೆ ಒಮ್ಮೆಲೇ ಮುರಿಯುತ್ತದೆ. ಹಾಗಾಗಿ ಕಲ್ಲು ಆರಿಸುವುದರಲ್ಲೇ ಅರ್ಧ ಕೆಲಸ.

ಇದು ಪದರ ಪದರವಾಗಿ ಏಳುವ ಸುಣ್ಣದ ಕಲ್ಲು. ಒಂದೂಕಾಲು ಅಂಗುಲ ದಪ್ಪದ್ದನ್ನೇ ತೆಗೆದುಕೊಂಡೆ. ಒಂದೊಂದನ್ನೂ ನಿಲ್ಲಿಸಿ ಸಣ್ಣ ಸುತ್ತಿಗೆಯಿಂದ ತಟ್ಟಿದೆ: ಠಣ್ ಅಂದರೆ ಗಟ್ಟಿ, ಬದ್ದೆಂದರೆ ಒಳಗೆ ಪದರ ಬಿಟ್ಟಿದೆ. ಆಮೇಲೆ ಮೇಲೆ ನೀರು ಸುರಿದು ಆರಲು ಬಿಟ್ಟೆ. ಉಳಿದದ್ದೆಲ್ಲ ಆರಿದ ಮೇಲೂ ಕೂದಲೆಳೆಯಂಥ ಕಪ್ಪು ಗೆರೆ ಹಸಿಯಾಗೇ ಇದ್ದರೆ ಅದು ಬಿರುಕು. ಅಂಥ ಕಲ್ಲನ್ನು ವಾಪಸ್ ಕಳಿಸಿ. ಮುಂದಿನ ಅಂಚನ್ನು ಮಷಿನ್‌ನಲ್ಲಿ ದುಂಡಗೆ ಮಾಡಿಸಲೇಬೇಕು, ಇಲ್ಲದಿದ್ದರೆ ಸೀರೆಯ ಎಳೆ ಸಿಗಿಬೀಳುತ್ತದೆ.

ಎರಡೂ ಬದಿ 9 ಅಂಗುಲದ ಇಟ್ಟಿಗೆ ಗೋಡೆ ಇದ್ದುದರಿಂದ ಅದರಲ್ಲಿ 2 ಅಂಗುಲ ಆಳದ ಗಾಡಿ (ಉದ್ದನೆಯ ಕಚ್ಚು) ಕೊರೆಸಿ, 5 ಅಡಿ 4 ಅಂಗುಲದ ಪರ್ಸಿಯನ್ನು ಮುಂದಿನಿಂದ ಒಳಗೆ ಸರಿಸಿದೆವು. 4 ಅಂಗುಲದ ಗೋಡೆಗೆ ಹೀಗೆ ಕೊರೆಯಬೇಡಿ, ಅದರ ಬಲ ಹೋಗುತ್ತದೆ. ಅಲ್ಲಿ ಬದಿಗೂ ಪರ್ಸಿ ನಿಲ್ಲಿಸಿ. ಕೆಳಗಿನಿಂದ ಲೆಕ್ಕ: ನೆಲಬಿಟ್ಟು 4 ಅಂಗುಲ, ಮಡಿಚಿದ ಬಟ್ಟೆಗೆ 12 ಅಂಗುಲದ ಎರಡು ಸಾಲು, ಹ್ಯಾಂಗರ್‌ಗೆ 38, ಮೇಲೆ ಕೌದಿಗೆ 13. ನಡುವೆ ತುಂಡು ಪರ್ಸಿ ನಿಲ್ಲಿಸಿ, ಅದರ ಮೇಲೆ ಮುಂದಿನ ಅಡ್ಡ ಪರ್ಸಿ. ನಡು ಆಸರೆ ಒಂದರ ಮೇಲೊಂದು ನೇರ ಬರಬೇಕು, ತಪ್ಪಿದರೆ ಭಾರವೆಲ್ಲ ಕಲ್ಲಿನ ಹೊಟ್ಟೆಗೆ ಬೀಳುತ್ತದೆ. ಗಾಡಿಗೆ ನೀರು ಚಿಮುಕಿಸಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಉಸುಕು ಹಾಕಿ ತುಂಬಿಸಿದೆ. 7 ದಿನ ನೀರುಣಿಸಿ, ಅಷ್ಟೂ ದಿನ ಕೆಳಗೆ ಕಟ್ಟಿಗೆಯ ಆಸರೆ ಇಟ್ಟಿದ್ದೆ.

ಕಲ್ಲಿಗೆ ಹಿಂಜ್ ಹಿಡಿಯುವುದಿಲ್ಲ. ಸಾಗವಾನಿ ಚೌಕಟ್ಟು ಬೇಕು. ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆದು ಚಿಕ್ಕದನ್ನು ಹಿಡಿಯಿರಿ. ನಾಲ್ಕು ಬಾಗಿಲು, ಒಂದೊಂದಕ್ಕೆ ನಾಲ್ಕು ಹಿಂಜ್. ನಮ್ಮದು ಎರೆ ಭೂಮಿ, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಜೊತೆ ಗೋಡೆಯೂ ಅಲುಗುತ್ತದೆ. ಬಾಗಿಲ ಸುತ್ತ 3 ಮಿಲಿಮೀಟರ್ ಸಂದು ಬಿಡದಿದ್ದರೆ ಉಜ್ಜುತ್ತವೆ.

ಕೆಲಸ ಮುಗಿದ ಮೇಲೆ ಸಿಮೆಂಟ್ ಕಲೆಗೆ ಗೌಂಡಿ ಆಸಿಡ್ ಸುರಿಯಲು ಬರುತ್ತಾನೆ. ಸುರಿಯಲು ಬಿಡಬೇಡಿ. ಸುಣ್ಣದ ಕಲ್ಲು ಆಸಿಡ್ ಬಿದ್ದಲ್ಲಿ ನೊರೆಯೆದ್ದು ಪಾಲಿಶ್ ಕಳೆದುಕೊಳ್ಳುತ್ತದೆ, ಆ ಬಿಳಿ ಕಲೆ ತಿಕ್ಕಿದರೆ ಹೋಗದು. ಸಿಮೆಂಟ್ ಹಸಿ ಇರುವಾಗಲೇ ಒದ್ದೆ ಗೋಣಿಚೀಲದಿಂದ ಒರೆಸಿಬಿಡಿ.