ಓಡುವ ಕಾರು ಓಡುತ್ತಿರುವಂತೆಯೇ ಕಾಣಬೇಕು: ಮೈಸೂರು, ಮಂಡ್ಯದಿಂದ ರೇಸ್ ಟ್ರ್ಯಾಕಿಗೆ ಕ್ಯಾಮೆರಾ ಒಯ್ಯುವವರಿಗೆ

ಮೈಸೂರಿನಲ್ಲಿ ಉದ್ದನೆಯ ಲೆನ್ಸುಗಳಿಗೆ ಕೊರತೆಯಿಲ್ಲ. ರಂಗನತಿಟ್ಟಿನ ಕೊಕ್ಕರೆಗಳನ್ನೂ ಕುಕ್ಕರಹಳ್ಳಿ ಕೆರೆಯ ನೀರುಕಾಗೆಗಳನ್ನೂ ಸೆರೆಹಿಡಿಯಲೆಂದು ಕೊಂಡ 150-600 ಮಿ.ಮೀ. ಲೆನ್ಸ್ ನನ್ನ ಪರಿಚಯದ ಹಲವರ ಮನೆಗಳಲ್ಲಿದೆ. ಅವರಲ್ಲಿ ಕೆಲವರು ಭಾನುವಾರ ಫಾರ್ಮುಲಾ ಒನ್ ರೇಸ್ ಇದ್ದರೆ ಟಿವಿ ಮುಂದಿನಿಂದ ಕದಲದವರು. ಆದರೂ ಅದೇ ಲೆನ್ಸನ್ನು ರೇಸ್ ಟ್ರ್ಯಾಕಿಗೆ ಒಯ್ದವರು ವಿರಳ. ನಾನು ಮೊದಲ ಬಾರಿ ಒಯ್ದಾಗ ಹಾರುವ ಹಕ್ಕಿಗೆ ಇಡುವಂತೆ ಷಟರ್ ವೇಗವನ್ನು, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಅವಧಿಯನ್ನು, 1/2000 ಸೆಕೆಂಡಿಗೆ ಇಟ್ಟು ಇಡೀ ದಿನ ಚಿತ್ರ ತೆಗೆದೆ. ರಾತ್ರಿ ಕುಳಿತು ನೋಡಿದರೆ ಎಲ್ಲವೂ ಸ್ಪಷ್ಟವಾಗಿದ್ದವು, ಆದರೆ ಒಂದು ಕಾರೂ ಓಡುತ್ತಿರಲಿಲ್ಲ. ಯಾರೋ ಟ್ರ್ಯಾಕಿನ ನಡುವೆ ನಿಲ್ಲಿಸಿ ಹೋದ ವಾಹನಗಳಂತೆ ಅವು ಕಂಡವು. ಆ ದಿನದ ಬೇಸರ ಇನ್ನೊಬ್ಬರಿಗೆ ಆಗದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಹೀಗಾಗುವ ಕಾರಣವನ್ನು ಲೆಕ್ಕ ಹಾಕಿಯೇ ತಿಳಿಯಬಹುದು. ಗಂಟೆಗೆ 180 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ 50 ಮೀಟರ್ ಸಾಗುತ್ತದೆ. ಷಟರ್ 1/1000 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಕಾರು ಚಲಿಸುವುದು 5 ಸೆಂಟಿಮೀಟರ್. 1/125 ಸೆಕೆಂಡ್ ತೆರೆದಿದ್ದರೆ 40 ಸೆಂಟಿಮೀಟರ್. ಚಕ್ರದ ವಿಷಯ ಇನ್ನೂ ಮುಖ್ಯ. ಸುಮಾರು 72 ಸೆಂಟಿಮೀಟರ್ ವ್ಯಾಸದ ಫಾರ್ಮುಲಾ ಒನ್ ಟೈರು ಆ ವೇಗದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 22 ಸುತ್ತು ಸುತ್ತುತ್ತದೆ. ಅಂದರೆ 1/1000 ಸೆಕೆಂಡಿನಲ್ಲಿ ಅದು ತಿರುಗುವುದು ಕೇವಲ 8 ಡಿಗ್ರಿ, 1/125 ಸೆಕೆಂಡಿನಲ್ಲಿಯಾದರೆ 60 ಡಿಗ್ರಿಗೂ ಹೆಚ್ಚು. ಚಕ್ರ ತಿರುಗಿದ್ದು ಕಣ್ಣಿಗೆ ಕಾಣಬೇಕಾದರೆ ಷಟರ್ ವೇಗವನ್ನು ತಗ್ಗಿಸಲೇಬೇಕು. ತಗ್ಗಿಸಿದ ಮೇಲೆ ಕಾರು ಕಲಸಿಹೋಗದಂತೆ ಕ್ಯಾಮೆರಾವೂ ಅದರ ಜೊತೆಯಲ್ಲೇ ಅದೇ ವೇಗದಲ್ಲಿ ತಿರುಗಬೇಕು. ಇದನ್ನೇ ಪ್ಯಾನಿಂಗ್ ಎನ್ನುತ್ತಾರೆ. ಟ್ರ್ಯಾಕ್ ಬದಿಯ ಛಾಯಾಗ್ರಹಣದಲ್ಲಿ ಕಲಿಯಬೇಕಾದದ್ದರ ಮುಕ್ಕಾಲು ಪಾಲು ಇದೇ ಎಂಬುದು ನನ್ನ ಅಭಿಪ್ರಾಯ.

ಇದನ್ನು ಕಲಿಯಲು ಮೊದಲು ಟ್ರ್ಯಾಕಿಗೇ ಹೋಗಬೇಕಾಗಿಲ್ಲ. ಹುಣಸೂರು ರಸ್ತೆಯಲ್ಲಿ, ಮಾನಸಗಂಗೋತ್ರಿಯ ಕಡೆಯ ಕಾಲುದಾರಿಯ ಮೇಲೆ ಬೆಳಗಿನ ಹೊತ್ತು ನಿಂತರೆ ಬಸ್ಸು, ಬೈಕು, ಸೈಕಲ್ ಮೂರೂ ಮೂರು ಬೇರೆ ವೇಗಗಳಲ್ಲಿ ಎದುರಿಗೆ ಹಾದುಹೋಗುತ್ತವೆ. ಷಟರ್ ವೇಗವನ್ನು ಮಾತ್ರ ನಾವು ಆರಿಸುವ ಷಟರ್ ಆದ್ಯತೆಯ ಮೋಡ್‌ನಲ್ಲಿ 1/250ರಿಂದ ಆರಂಭಿಸಿ, ಹತ್ತರಲ್ಲಿ ಆರು ಚಿತ್ರ ಸ್ಪಷ್ಟವಾಗಿ ಬರತೊಡಗಿದ ಮೇಲೆ 1/125ಕ್ಕೆ, ಆಮೇಲೆ 1/60ಕ್ಕೆ ಇಳಿಯಿರಿ. ಮಂಡ್ಯ ಜಿಲ್ಲೆಯವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಮನೆಯ ಹತ್ತಿರವೇ ಇದೆ: ಜಾತ್ರೆಯ ದಿನಗಳಲ್ಲಿ ಊರೂರುಗಳಲ್ಲಿ ನಡೆಯುವ ಎತ್ತಿನಗಾಡಿ ಓಟ. ಅಲ್ಲಿ ಗಾಡಿಯ ಚಕ್ರದ ಅರಗಳು ಬೇರೆಬೇರೆಯಾಗಿ ಕಂಡರೆ ಷಟರ್ ವೇಗ ಹೆಚ್ಚಾಯಿತೆಂದೂ, ಅರಗಳು ಕರಗಿ ತೆಳು ಬಿಲ್ಲೆಯಂತಾಗಿ ಗಾಡಿ ಹೊಡೆಯುವವನ ಮುಖ ಮಾತ್ರ ಸ್ಪಷ್ಟವಾಗಿ ಉಳಿದರೆ ಹದ ಸಿಕ್ಕಿತೆಂದೂ ತಕ್ಷಣ ತಿಳಿಯುತ್ತದೆ. ನನಗೆ 1/60 ಮತ್ತು 1/80ರ ನಡುವೆ ಆ ಹದ ಸಿಕ್ಕಿತು. ಗದ್ದೆಯ ಎತ್ತರದ ಬದುವಿನ ಮೇಲೆ ಅಥವಾ ಹಗ್ಗ ಕಟ್ಟಿದ್ದರ ಹಿಂದೆ ನಿಲ್ಲಬೇಕು. ಎತ್ತುಗಳು ದಾರಿ ಬಿಟ್ಟು ಜನರ ಕಡೆಗೆ ನುಗ್ಗುವುದುಂಟು, ಆದ್ದರಿಂದ ಗುರಿಗೆರೆಯ ಆಚೆ, ಗಾಡಿಗಳು ಓಡಿಬರುವ ನೇರಕ್ಕೆ ಯಾವ ಕಾರಣಕ್ಕೂ ನಿಲ್ಲಬಾರದು. ಫ್ಲ್ಯಾಷ್ ಬಳಸಲೇಬಾರದು.

ಪ್ಯಾನಿಂಗ್‌ನಲ್ಲಿ ತಿರುಗಬೇಕಾದದ್ದು ಕೈಯಲ್ಲ, ಸೊಂಟ. ಚಿತ್ರ ಎಲ್ಲಿ ತೆಗೆಯಬೇಕೆಂದಿದ್ದೀರೋ ಆ ಜಾಗಕ್ಕೆ ಪಾದಗಳನ್ನು ಮುಖಮಾಡಿ ಊರಿ ನಿಂತು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಕಾರು ಬರುವ ದಿಕ್ಕಿಗೆ ಸೊಂಟದಿಂದ ಮೇಲಕ್ಕೆ ಮಾತ್ರ ತಿರುಗಿಕೊಳ್ಳಿ. ಕಾರು ದೂರದಲ್ಲಿ ಕಂಡ ಕ್ಷಣದಿಂದಲೇ ಅದನ್ನು ಚೌಕಟ್ಟಿನಲ್ಲಿ ಹಿಡಿದು ಹಿಂಬಾಲಿಸುತ್ತಾ ಬಂದು, ಪಾದಗಳ ನೇರಕ್ಕೆ ಬಂದಾಗ ನಾಲ್ಕೈದು ಚಿತ್ರ ತೆಗೆದು, ತೆಗೆದ ಮೇಲೂ ತಿರುಗುವುದನ್ನು ನಿಲ್ಲಿಸದೆ ಕಾರಿನ ಜೊತೆ ಸಾಗಬೇಕು. ಗುಂಡಿ ಒತ್ತಿದೊಡನೆ ನಿಂತುಬಿಡುವುದೇ ಹೊಸಬರ ಚಿತ್ರಗಳು ಕೆಡಲು ದೊಡ್ಡ ಕಾರಣ. ಫೋಕಸನ್ನು ಚಲಿಸುವ ವಸ್ತುವನ್ನು ಹಿಂಬಾಲಿಸುವ ನಿರಂತರ ಮೋಡ್‌ನಲ್ಲಿಟ್ಟು, ಫೋಕಸ್ ಬಿಂದುವನ್ನು ಚಾಲಕನ ಹೆಲ್ಮೆಟ್ಟಿನ ಮೇಲೆ ಇರಿಸಿ. ಲೆನ್ಸಿನಲ್ಲಿ ನಡುಕ ತಡೆಯುವ ವ್ಯವಸ್ಥೆಯಿದ್ದರೆ ಅದರ ಪ್ಯಾನಿಂಗ್ ಮೋಡ್ ಆರಿಸಿಕೊಳ್ಳಿ. ಅದು ಮೇಲೆ-ಕೆಳಗಿನ ಅಲುಗಾಟವನ್ನು ಮಾತ್ರ ತಡೆದು, ಅಡ್ಡ ಚಲನೆಯನ್ನು ಬಿಟ್ಟುಕೊಡುತ್ತದೆ.

ನಿಲ್ಲುವ ಜಾಗದ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು. ನೇರ ಹಾದಿಯ ಪಕ್ಕದಲ್ಲಿ, ಕಾರಿಗೆ ತೀರ ಹತ್ತಿರ ನಿಂತು ಪ್ಯಾನ್ ಮಾಡಿದಾಗ ಕಾರಿನ ನಡುಭಾಗ ಸ್ಪಷ್ಟವಾಗಿ, ಮೂತಿ ಮತ್ತು ಬಾಲ ಮಸುಕಾಗಿ ಬರುತ್ತವೆ. ಷಟರ್ ತೆರೆದಿರುವಷ್ಟು ಹೊತ್ತಿನಲ್ಲೇ ಕಾರು ನಮಗೆ ಕಾಣುವ ಕೋನ ಬದಲಾಗುವುದರಿಂದ ಹೀಗಾಗುತ್ತದೆ, ಇದು ಕೈಯ ತಪ್ಪಲ್ಲ. ಆದರೆ ಬಿಗಿಯಾದ ತಿರುವಿನ ಒಳಬದಿಯಲ್ಲಿ ನಿಂತರೆ, ಹಳೆಯ ಆಲೆಮನೆಯಲ್ಲಿ ಗಾಣಕ್ಕೆ ಕಟ್ಟಿದ ಎತ್ತು ಸುತ್ತುತ್ತಿದ್ದಂತೆ ಕಾರು ನಮ್ಮ ಸುತ್ತಲೇ ಸಾಗುತ್ತದೆ. ದೂರ ಬದಲಾಗುವುದಿಲ್ಲ, ಕೋನವೂ ಹೆಚ್ಚು ಬದಲಾಗುವುದಿಲ್ಲ, ಆದ್ದರಿಂದ 1/60ರಲ್ಲೂ ಇಡೀ ಕಾರು ಸ್ಪಷ್ಟವಾಗಿ ಸಿಗುತ್ತದೆ. ಒಳಬದಿಗೆ ಇನ್ನೊಂದು ಗುಣವಿದೆ. ಚಾಲಕ ತಿರುವಿನ ಒಳ ಅಂಚನ್ನೇ ನೋಡುತ್ತಿರುತ್ತಾನೆ, ಹಾಗಾಗಿ ಅವನ ಹೆಲ್ಮೆಟ್ಟಿನ ಗಾಜು ನಮ್ಮ ಕಡೆಗೇ ತಿರುಗಿರುತ್ತದೆ.

ನಮ್ಮೂರುಗಳಿಂದ ಹೋಗಬಹುದಾದ ಎರಡು ಟ್ರ್ಯಾಕುಗಳನ್ನು ಹೇಳುತ್ತೇನೆ. ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ ಸುಮಾರು 2.1 ಕಿ.ಮೀ. ಉದ್ದದ್ದು, ಮಾರುತಿ 800ರ ಎಂಜಿನ್ ಬಳಸಿ ಫಾರ್ಮುಲಾ ಮಾರುತಿ ಕಾರು ರೂಪಿಸಿದ ಎಸ್. ಕರಿವರ್ಧನ್ ಅವರ ಹೆಸರನ್ನು ಅದು ಹೊತ್ತಿದೆ. ಟ್ರ್ಯಾಕ್ ಚಿಕ್ಕದಾದ್ದರಿಂದ ಕಾರುಗಳು ಬೇಗಬೇಗ ಮರಳಿ ಬರುತ್ತವೆ, ತಪ್ಪು ತಿದ್ದಿಕೊಳ್ಳಲು ಅವಕಾಶ ಹೆಚ್ಚು. ಆದ್ದರಿಂದ ಮೊದಲ ಪ್ರಯಾಣ ಅಲ್ಲಿಗೇ ಇರಲಿ. ಚಾಮರಾಜನಗರದ ಮೇಲೆ ಹೋಗುವವರು 27 ಹಿಮ್ಮುರಿ ತಿರುವುಗಳ ದಿಂಬಂ ಘಾಟಿಯನ್ನೂ, ಬಂಡೀಪುರದ ಮೇಲೆ ಹೋಗುವವರು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿಷೇಧವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹಿಂದಿನ ದಿನವೇ ಹೊರಡುವುದು ಒಳ್ಳೆಯದು. ಎರಡನೆಯದು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈನಲ್ಲಿ 1990ರಲ್ಲಿ ಆರಂಭವಾದ 3.7 ಕಿ.ಮೀ. ಉದ್ದದ ಟ್ರ್ಯಾಕ್. ಅದು ಬೆಂಗಳೂರು-ಚೆನ್ನೈ ಹೆದ್ದಾರಿಯಲ್ಲಿ ಶ್ರೀಪೆರಂಬುದೂರಿನ ಸಮೀಪವೇ ಇರುವುದರಿಂದ ಚೆನ್ನೈ ನಗರದೊಳಗೆ ಹೋಗುವ ಅಗತ್ಯವಿಲ್ಲ. 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದ ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್ ನಮಗೆ ದೂರ.

ಪ್ರೇಕ್ಷಕರು ಎಲ್ಲಿ ಹೋದರೂ ಎದುರಾಗುವುದು ತಂತಿ ಬೇಲಿ. ಬೇಲಿಯ ಒಳಗೆ ಹೋಗುವ ಅನುಮತಿ ಮಾಧ್ಯಮದ ಪಾಸು ಪಡೆದವರಿಗೆ ಮಾತ್ರ. ಅದನ್ನು ದಾಟುವ ಪ್ರಯತ್ನ ಮಾಡುವುದು ಚಾಲಕರ ಜೀವಕ್ಕೂ ಅಪಾಯ. ಆದರೆ ಬೇಲಿಯನ್ನು ಚಿತ್ರದಿಂದ ಮಾಯಮಾಡಬಹುದು. ಲೆನ್ಸಿನ ತುದಿಯನ್ನು ತಂತಿಗೆ ಆದಷ್ಟು ಹತ್ತಿರ ತಂದು, 200 ಮಿ.ಮೀ.ಗಿಂತ ಹೆಚ್ಚು ಫೋಕಲ್ ಉದ್ದದಲ್ಲಿ, ಅಪರ್ಚರನ್ನು (ಲೆನ್ಸಿನೊಳಗಿನ ಬೆಳಕಿನ ಕಿಂಡಿಯನ್ನು) ಪೂರ್ತಿ ತೆರೆದು, ತಂತಿಯ ಮೇಲೆ ಬಿಸಿಲು ಬೀಳದ ಕಡೆ ನಿಂತು ತೆಗೆದರೆ ಹತ್ತಿರದ ತಂತಿ ಕರಗಿಹೋಗುತ್ತದೆ. ಆಟೋಫೋಕಸ್ ಮತ್ತೆಮತ್ತೆ ಬೇಲಿಯನ್ನೇ ಹಿಡಿಯುತ್ತಿದ್ದರೆ ಟ್ರ್ಯಾಕಿನ ಅಂಚಿನ ಕೆಂಪು-ಬಿಳಿ ಪಟ್ಟೆಯ ಮೇಲೆ ಕೈಯಿಂದ ಫೋಕಸ್ ಮಾಡಿ ಬೀಗಹಾಕಿ, ಕಾರು ಆ ಪಟ್ಟೆಗೆ ಬಂದಾಗ ಗುಂಡಿ ಒತ್ತಿ. ಕರ್ನಾಟಕದ ಕೆ-1000ದಂತಹ ಕಾರು ರ್ಯಾಲಿಗಳಲ್ಲಿ ಬೇಲಿಯಿಲ್ಲದಿರುವುದು ಅನುಕೂಲವೆಂದು ತೋರಿದರೂ ಅಲ್ಲಿ ಎಚ್ಚರ ಇಮ್ಮಡಿಯಾಗಿರಬೇಕು: ತಿರುವಿನ ಹೊರಬದಿಯಲ್ಲಿ ನಿಲ್ಲಬಾರದು, ಎತ್ತರದ ದಿಣ್ಣೆಯ ಮೇಲೆ ನಿಲ್ಲಬೇಕು, ಸುರಕ್ಷತೆ ನೋಡಿಕೊಳ್ಳುವ ಮಾರ್ಷಲ್ ಹೇಳಿದ ಮಾತಿಗೆ ಎದುರಾಡಬಾರದು.

ನಡುಹಗಲಿನ ಬಿಸಿಲು ಪ್ಯಾನಿಂಗ್‌ಗೆ ತೊಡಕು. ನೆತ್ತಿಯ ಬಿಸಿಲಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100 ಇಟ್ಟು 1/60 ಸೆಕೆಂಡ್ ಬೇಕೆಂದರೆ ಅಪರ್ಚರ್ ತೀರ ಕಿರಿದಾಗಿ ಎಫ್/20ರ ಆಸುಪಾಸಿಗೆ ಹೋಗುತ್ತದೆ. ಆಗ ಚಿತ್ರದ ಮೊನಚು ಕುಗ್ಗುತ್ತದೆ, ಸೆನ್ಸರಿನ ಮೇಲಿನ ಒಂದೊಂದು ಧೂಳಿನ ಕಣವೂ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಮೂರು ಸ್ಟಾಪ್, ಅಂದರೆ ಎಂಟನೇ ಒಂದು ಭಾಗಕ್ಕೆ, ಬೆಳಕು ತಗ್ಗಿಸುವ ಎನ್‌ಡಿ8 ಎಂಬ ಕಪ್ಪುಗಾಜಿನ ಫಿಲ್ಟರ್ ಹಾಕಿದರೆ ಎಫ್/7ರ ಸಮೀಪದಲ್ಲೇ ಕೆಲಸ ಮುಗಿಯುತ್ತದೆ. ಹೊಸ ಲೆನ್ಸಿಗಿಂತ ಮೊದಲು ಈ ಫಿಲ್ಟರ್ ಕೊಳ್ಳಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಮಧ್ಯಾಹ್ನ ಉದ್ದ ನೇರ ಹಾದಿಯಲ್ಲಿ ಕಾಯ್ದ ಡಾಂಬರಿನಿಂದ ಏಳುವ ಬಿಸಿಗಾಳಿ ದೂರದ ಕಾರನ್ನು ನೀರಿನೊಳಗಿನ ಬಿಂಬದಂತೆ ಅಲುಗಿಸುವುದರಿಂದ ಎದುರಿನಿಂದ ತೆಗೆಯುವ ಚಿತ್ರಗಳನ್ನು ಬೆಳಗಿನ ಅಭ್ಯಾಸ ಸುತ್ತುಗಳಲ್ಲೇ ಮುಗಿಸಿಕೊಳ್ಳಬೇಕು. ಎದುರಿನ ಚಿತ್ರಕ್ಕೆ ಮಾತ್ರ 1/1000 ಸೂಕ್ತ. ಅಲ್ಲಿ ವೇಗವನ್ನು ತೋರಿಸುವುದು ಚಕ್ರದ ಸುತ್ತುವಿಕೆಯಲ್ಲ, ಬ್ರೇಕ್ ಹಿಡಿದಾಗ ತಗ್ಗುವ ಮೂತಿ ಮತ್ತು ಪಟ್ಟೆಯ ಮೇಲೆ ಎದ್ದ ಚಕ್ರ.

ಇಂದಿನ ಕಾರುಗಳ ರಚನೆ ತಿಳಿದಿದ್ದರೆ ಯಾವ ಕೋನದಿಂದ ತೆಗೆಯಬೇಕೆಂಬುದೂ ತಿಳಿಯುತ್ತದೆ. 2018ರಲ್ಲಿ ಫಾರ್ಮುಲಾ ಒನ್‌ನಲ್ಲಿ ಕಡ್ಡಾಯವಾದ ಹೇಲೋ ಎಂಬ ಟೈಟಾನಿಯಂ ಕಮಾನು ಚಾಲಕನ ತಲೆಯನ್ನು ಕಾಯುತ್ತದೆ. ಅದರ ಮುಂಗಂಬ ನೇರ ಎದುರಿನಿಂದ ನೋಡಿದಾಗ ಹೆಲ್ಮೆಟ್ಟಿನ ನಡುವೆಯೇ ನಿಲ್ಲುತ್ತದೆ. ಸ್ವಲ್ಪ ಪಕ್ಕಕ್ಕೆ ಸರಿದು, ಗ್ಯಾಲರಿಯ ಮೇಲಿನ ಸಾಲಿನಿಂದ ತೆಗೆದರೆ ಕಂಬಕ್ಕೂ ಕಮಾನಿಗೂ ನಡುವೆ ಕಣ್ಣುಗಳು ಸಿಗುತ್ತವೆ. 2022ರ ನಿಯಮಗಳು 18 ಇಂಚಿನ ಚಕ್ರದೊಂದಿಗೆ ಚಕ್ರದ ಮುಚ್ಚಳಗಳನ್ನೂ ತಂದಾಗ ಅರಗಳು ಮರೆಯಾದವು. ಆ ಕಾರುಗಳಲ್ಲಿ ಚಕ್ರ ಸುತ್ತಿದ್ದು ಗೊತ್ತಾಗುವುದು ಟೈರಿನ ಪಕ್ಕದ ಬಣ್ಣದ ಅಕ್ಷರಗಳು ಉಂಗುರದಂತೆ ಕಲಸಿಕೊಂಡಾಗ. 2026ರ ನಿಯಮಗಳಲ್ಲಿ ಕಾರು 10 ಸೆಂಟಿಮೀಟರ್ ಕಿರಿದಾಗಿದೆ, ಮುಂದಿನ ಮತ್ತು ಹಿಂದಿನ ರೆಕ್ಕೆಗಳೆರಡೂ ನೇರ ಹಾದಿಯಲ್ಲಿ ಚಪ್ಪಟೆಯಾಗಿ ತಿರುವಿನಲ್ಲಿ ಏಳುತ್ತವೆ. ಹಾಗಾಗಿ ಒಂದೇ ಕಾರು ಎರಡು ಕಡೆ ಎರಡು ರೂಪದಲ್ಲಿ ಕಾಣುತ್ತದೆ, ಎರಡನ್ನೂ ತೆಗೆದಿಟ್ಟುಕೊಳ್ಳುವುದು ಸೂಕ್ತ. ಫಾರ್ಮುಲಾ ಒನ್ ನೋಡಲು ಸಿಂಗಪುರಕ್ಕೋ ಅಬುಧಾಬಿಗೋ ಹೋಗುವವರು ಇದನ್ನು ನೆನಪಿಡಲಿ.

ರೇಸ್ ಮುಗಿದ ರಾತ್ರಿಯೇ ಕಾರ್ಡಿನ ಚಿತ್ರಗಳನ್ನು ಎರಡು ಕಡೆ ನಕಲು ಮಾಡಿ. ಪ್ಯಾನಿಂಗ್‌ನಲ್ಲಿ ನೂರಕ್ಕೆ ಹತ್ತು ಚಿತ್ರ ಉಳಿದರೂ ಆ ದಿನ ಸಾರ್ಥಕ. ಆರಿಸುವಾಗ ಮೊದಲು ಹೆಲ್ಮೆಟ್ ನೋಡಿ. ಅದು ಮಸುಕಾಗಿದ್ದರೆ ಹಿನ್ನೆಲೆ ಎಷ್ಟೇ ಚೆಂದವಿದ್ದರೂ ಅಳಿಸಿಹಾಕಿ. ಕತ್ತರಿಸುವಾಗ ಕಾರಿನ ಹಿಂದಿಗಿಂತ ಮುಂದೆ ಹೆಚ್ಚು ಜಾಗ ಬಿಡಿ. ಚಿತ್ರದ ಕೆಳಗೆ ಚಾಲಕ, ತಂಡ, ತಿರುವು, ದಿನಾಂಕ ಬರೆಯಿರಿ. ಫಾರ್ಮುಲಾ ಒನ್‌ನಲ್ಲಿ ಒಂದೇ ತಂಡದ ಎರಡು ಕಾರುಗಳನ್ನು ಬೇರ್ಪಡಿಸಲು ಚಾಲಕನ ತಲೆಯ ಮೇಲಿನ ಕ್ಯಾಮೆರಾ ಗೂಡಿನ ಬಣ್ಣ ನೋಡಬೇಕು: ಮೊದಲ ಕಾರಿನದು ಕಪ್ಪು, ಎರಡನೆಯದರದು ಹೊಳೆಯುವ ಹಳದಿ. ಟೈರಿನ ಬಣ್ಣದಿಂದ ರೇಸಿನ ಯಾವ ಹಂತದ ಚಿತ್ರವೆಂದು ಊಹಿಸಬಹುದು. ಕೆಂಪು ಮೆದು, ಹಳದಿ ಮಧ್ಯಮ, ಬಿಳಿ ಗಟ್ಟಿ, ಹಸಿರು ಮತ್ತು ನೀಲಿ ಮಳೆಗೆ. ಪ್ರತಿ ಚಿತ್ರದ ಷಟರ್ ವೇಗವನ್ನೂ ಜೊತೆಯಲ್ಲೇ ಗುರುತುಹಾಕಿಕೊಂಡರೆ, ಮುಂದಿನ ಸಲ ಅದೇ ತಿರುವಿಗೆ ಹೋದಾಗ ಎಲ್ಲಿಂದ ಆರಂಭಿಸಬೇಕೆಂದು ಹುಡುಕಬೇಕಾಗುವುದಿಲ್ಲ.