ಎಳೆಗೂಸಿನ ಮೊದಲ ತಿಂಗಳುಗಳು: ಕಾಳಜಿ ಹಾಸಿಗೆಯಿಂದಲೇ ಶುರುವಾಗಲಿ

ಹುಟ್ಟಿದ ಹೊಸತರಲ್ಲಿ ಕೂಸು ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಮಾಡುತ್ತದೆ. ಆದ್ದರಿಂದ ಅದರ ಸುರಕ್ಷತೆಯ ಬಗ್ಗೆ ಯೋಚಿಸುವವರು ಮೊದಲು ನೋಡಬೇಕಾದದ್ದು ಅದು ಮಲಗುವ ಜಾಗವನ್ನು. ಬಟ್ಟೆ, ಆಟಿಕೆಗಳ ಸಡಗರವೆಲ್ಲ ಆಮೇಲೆ.

ಮಲಗಿಸುವ ಬಗೆ

ರಾತ್ರಿಯ ನಿದ್ದೆಯಿರಲಿ, ಹಗಲಿನ ಸಣ್ಣ ಜೊಂಪಿರಲಿ, ಪ್ರತಿ ಸಲವೂ ಮಗುವನ್ನು ಅಂಗಾತ ಮಲಗಿಸಿ. ಬೋರಲು ಬೇಡ. ಮಗ್ಗುಲಾಗಿಯೂ ಬೇಡ, ಏಕೆಂದರೆ ಹಾಗೆ ಮಲಗಿದ ಮಗು ನಿದ್ದೆಯಲ್ಲಿ ಸುಲಭವಾಗಿ ಬೋರಲಾಗಿಬಿಡುತ್ತದೆ. ಆರೋಗ್ಯವಾಗಿದ್ದ ಮಗು ಕಾರಣವೇ ತಿಳಿಯದಂತೆ ನಿದ್ದೆಯಲ್ಲಿ ತೀರಿಕೊಳ್ಳುವ ದುರಂತ ಹೆಚ್ಚಾಗಿ ಸಂಭವಿಸುವುದು 2ರಿಂದ 4 ತಿಂಗಳ ವಯಸ್ಸಿನಲ್ಲಿ. 1990ರ ದಶಕದ ಆರಂಭದಲ್ಲಿ ಬ್ರಿಟನ್, ಅಮೆರಿಕ ಮುಂತಾದ ದೇಶಗಳಲ್ಲಿ ಅಂಗಾತ ಮಲಗಿಸುವಂತೆ ವ್ಯಾಪಕ ಪ್ರಚಾರ ನಡೆದ ಮೇಲೆ ಇಂಥ ಸಾವುಗಳು ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಇಳಿದವು. ಔಷಧವಿಲ್ಲ, ಉಪಕರಣವಿಲ್ಲ, ಖರ್ಚೂ ಇಲ್ಲ. ಇಷ್ಟು ಸರಳವಾದ ಮಾತು ಇಷ್ಟೊಂದು ಜೀವಗಳನ್ನು ಉಳಿಸಿದೆ ಎಂಬುದೇ ಇದನ್ನು ಮೊದಲು ಹೇಳುವುದಕ್ಕೆ ಕಾರಣ.

ಅಂಗಾತ ಮಲಗಿದ್ದಾಗ ಹಾಲು ಕಕ್ಕಿದರೆ ಉಸಿರು ಕಟ್ಟುವುದಿಲ್ಲವೇ ಎಂದು ಮನೆಯ ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಮಗು ಅಂಗಾತ ಮಲಗಿದಾಗ ಉಸಿರುನಾಳ ಮೇಲಿರುತ್ತದೆ, ಅನ್ನನಾಳ ಅದರ ಕೆಳಗಿರುತ್ತದೆ. ಕಕ್ಕಿದ ಹಾಲು ಉಸಿರುನಾಳ ಸೇರಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲು ಮಲಗಿದಾಗ ಇದು ತಿರುಗುಮುರುಗಾಗುತ್ತದೆ.

ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಲಿ. ಅಂಗೈ ಊರಿ ಎತ್ತಿದರೆ ಗುಳಿ ಉಳಿಯಬಾರದು. ದಿಂಬು, ದಪ್ಪ ಹೊದಿಕೆ, ಮೆತ್ತನೆಯ ಗೊಂಬೆ, ತೊಟ್ಟಿಲ ಒಳಬದಿಗೆ ಕಟ್ಟುವ ಮೆತ್ತೆ ಯಾವುದೂ ಬೇಡ. ಬರಿದಾದ ತೊಟ್ಟಿಲು ನೋಡುವವರಿಗೆ ಬಡವಾಗಿ ಕಂಡೀತು, ಮಗುವಿಗೆ ಅದೇ ಕ್ಷೇಮ. ಕನಿಷ್ಠ ಆರು ತಿಂಗಳವರೆಗೆ ನಿಮ್ಮ ಕೋಣೆಯಲ್ಲೇ, ಆದರೆ ಅದರದೇ ಆದ ಹಾಸಿಗೆಯಲ್ಲಿ ಮಲಗಿಸಿ. ಸೋಫಾದಲ್ಲಿ ಮಗುವನ್ನು ಎದೆಗಪ್ಪಿಕೊಂಡು ನಿದ್ದೆ ಹೋಗುವುದಂತೂ ಎಲ್ಲಕ್ಕಿಂತ ಅಪಾಯಕರ. ಹಾಲೂಡಿಸುತ್ತ ಕಣ್ಣು ಎಳೆಯುತ್ತಿದ್ದರೆ ಮಗುವನ್ನು ಇನ್ನೊಬ್ಬರ ಕೈಗೆ ಕೊಡಿ. ಮನೆಯೊಳಗೆ ಯಾರೂ ಬೀಡಿ, ಸಿಗರೇಟು ಸೇದಬಾರದು. ಈ ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಸೆಖೆಯೂ ಮಗುವಿಗೆ ಕೆಟ್ಟದ್ದು. ಕೈಕಾಲು ತಣ್ಣಗಿವೆ ಎಂದು ಬಟ್ಟೆಯ ಮೇಲೆ ಬಟ್ಟೆ ಹಾಕಬೇಡಿ. ಎಳೆಗೂಸಿನ ಕೈಕಾಲು ತುಸು ತಣ್ಣಗಿರುವುದು ಸಹಜ. ಕತ್ತಿನ ಹಿಂಭಾಗವನ್ನೋ ಎದೆಯನ್ನೋ ಮುಟ್ಟಿ ನೋಡಿ. ಬೆವರಿದ್ದರೆ ಒಂದು ಪದರ ತೆಗೆಯಿರಿ. ಮಲಗಿದಾಗ ತಲೆಯ ಮೇಲೆ ಟೋಪಿ ಬೇಡ.

ಎಚ್ಚರವಿದ್ದಾಗ ಮಾತ್ರ, ನೀವು ಎದುರಿಗೇ ಕುಳಿತು, ದಿನಕ್ಕೆ ಎರಡು ಮೂರು ಸಲ ಕೆಲವು ನಿಮಿಷ ಬೋರಲು ಹಾಕಿ. ಕತ್ತು, ಭುಜಗಳಿಗೆ ಬಲ ಬರುತ್ತದೆ.

ಹಾಲು

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಶುರುವಾಗಲಿ, ಆರು ತಿಂಗಳವರೆಗೆ ಅದೊಂದೇ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೀರೂ ಬೇಡ, ಎದೆಹಾಲಿನಲ್ಲೇ ಬೇಕಾದಷ್ಟು ನೀರಿದೆ. ಮೊದಲ ವಾರಗಳಲ್ಲಿ ದಿನಕ್ಕೆ 8ರಿಂದ 12 ಸಲ ಕುಡಿಸಬೇಕಾಗುತ್ತದೆ. ಹಾಲು ಸಾಲುತ್ತಿದೆಯೋ ಇಲ್ಲವೋ ಎಂಬ ಚಿಂತೆ ಪ್ರತಿ ತಾಯಿಯನ್ನೂ ಕಾಡುತ್ತದೆ. ಒದ್ದೆ ಬಟ್ಟೆಗಳನ್ನು ಎಣಿಸಿ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಮೂತ್ರ ಹೋಗುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿದು, ಎರಡು ವಾರದ ಹೊತ್ತಿಗೆ ಮತ್ತೆ ಹುಟ್ಟಿದಾಗಿನಷ್ಟೇ ಆಗುತ್ತದೆ.

ಪುಡಿ ಹಾಲು ಕೊಡಬೇಕಾದಾಗ ಡಬ್ಬದ ಮೇಲೆ ಬರೆದ ಅಳತೆಯನ್ನೇ ಪಾಲಿಸಿ. ಉಳಿಸುವುದಕ್ಕೆಂದು ತೆಳುವಾಗಿ ಕಲಸಬೇಡಿ. ಕುಡಿದು ಉಳಿದದ್ದನ್ನು ಎರಡು ಗಂಟೆಯೊಳಗೆ ಚೆಲ್ಲಿಬಿಡಿ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನೆಕ್ಕಿಸಲೂ ಬಾರದು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಯ ಕರುಳಿನಲ್ಲಿ ಬೆಳೆದು, ಸ್ನಾಯುಗಳ ಶಕ್ತಿಯನ್ನೇ ಕುಂದಿಸುವ ವಿಷ ಹುಟ್ಟಿಸಬಲ್ಲವು.

ಶುಚಿ, ಲಸಿಕೆ

ಮಗುವನ್ನು ಎತ್ತಿಕೊಳ್ಳುವ ಮುನ್ನ ಸೋಪಿನಿಂದ ಕೈ ತೊಳೆಯಲಿ, ಬಂದವರು ಎಷ್ಟೇ ಹತ್ತಿರದ ನೆಂಟರಾಗಿರಲಿ. ಕೆಮ್ಮು, ನೆಗಡಿ, ತುಟಿಯ ಮೇಲೆ ಗುಳ್ಳೆ ಇದ್ದವರು ದೂರವಿರಲಿ. ಹೊಕ್ಕುಳಬಳ್ಳಿಗೆ ಎಣ್ಣೆ, ಪುಡಿ ಏನನ್ನೂ ಹಚ್ಚದೆ ಒಣಗಲು ಬಿಡಿ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿ ಉದುರುತ್ತದೆ. ಲಸಿಕೆಗಳ ದಿನ ತಪ್ಪಿಸಬೇಡಿ. ನಾಯಿಕೆಮ್ಮಿನಂಥ ರೋಗ ಅತಿ ಹೆಚ್ಚು ಅಪಾಯ ತರುವುದು ಈ ಪುಟ್ಟ ಮಕ್ಕಳಿಗೇ.

ಅಳು ನಿಲ್ಲದಿದ್ದಾಗ

ಸುಮಾರು ಆರು ವಾರದ ಹೊತ್ತಿಗೆ ಅಳು ಅತಿ ಹೆಚ್ಚಾಗಿ, ಮೂರು ನಾಲ್ಕು ತಿಂಗಳಲ್ಲಿ ತಗ್ಗುತ್ತದೆ. ಹೊಟ್ಟೆ ತುಂಬಿದೆ, ಬಟ್ಟೆ ಒಣಗಿದೆ, ಜ್ವರವಿಲ್ಲ, ಆದರೂ ಅಳು ನಿಂತಿಲ್ಲ ಎಂದರೆ ಅದು ನಿಮ್ಮ ತಪ್ಪಲ್ಲ. ಸಹನೆ ಮೀರುತ್ತಿದೆ ಎನಿಸಿದಾಗ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಕೆಲವು ನಿಮಿಷ ಕೋಣೆಯಿಂದ ಹೊರಗೆ ಬನ್ನಿ. ಮಗುವನ್ನು ಹಿಡಿದು ಕುಲುಕಲೇಬಾರದು. ಕೆಲವೇ ಕ್ಷಣಗಳ ಕುಲುಕಾಟದಿಂದ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು.

ಕಾಯದೆ ವೈದ್ಯರಲ್ಲಿಗೆ

ಎರಡು ತಿಂಗಳೊಳಗಿನ ಮಗುವಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಾಗ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಕಂಡರೆ, ಇಲ್ಲವೇ 35.5ಕ್ಕಿಂತ ಕಡಿಮೆ ಇದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. ಹಾಲು ಕುಡಿಯದಿರುವುದು, ಮುಟ್ಟಿದರೂ ಎಚ್ಚರಗೊಳ್ಳದ ಮಂಪರು, ಫಿಟ್ಸ್, ಅಂಗೈ ಅಂಗಾಲಿಗೂ ಹಬ್ಬಿದ ಹಳದಿ ಬಣ್ಣ ಕೂಡ ಅಷ್ಟೇ ತುರ್ತಿನವು.

ಉಸಿರಾಟದ ಬಗ್ಗೆ ಅನುಮಾನವಿದ್ದರೆ ಮಗು ಅಳದೆ ಶಾಂತವಾಗಿರುವಾಗ ಅಂಗಿ ಮೇಲೆತ್ತಿ ಹೊಟ್ಟೆಯನ್ನು ನೋಡಿ. ಅದು ಉಬ್ಬಿದಾಗಲೆಲ್ಲ ಒಂದು ಎಣಿಸಿ, ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ. ಎಳೆಗೂಸಿನ ಉಸಿರು ಒಮ್ಮೆ ವೇಗವಾಗಿ, ಒಮ್ಮೆ ನಿಧಾನವಾಗಿ ಸಾಗುವುದರಿಂದ ಅರ್ಧ ನಿಮಿಷದ ಎಣಿಕೆ ಸಾಲದು. 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ. ಮತ್ತೆ ಅಷ್ಟೇ ಬಂದರೆ, ಅಥವಾ ಉಸಿರೆಳೆದಾಗ ಪಕ್ಕೆಗಳ ಕೆಳಭಾಗ ಆಳವಾಗಿ ಒಳಕ್ಕೆ ಹೋಗುತ್ತಿದ್ದರೆ ಕೂಡಲೇ ಹೊರಡಿ.

ಮನೆಯಲ್ಲಿರುವ ಜ್ವರದ ಹನಿಗಳನ್ನು ನೀವಾಗಿಯೇ ಹಾಕಬೇಡಿ. ಕೊನೆಯ ಸಲ ಹಾಲು ಕುಡಿದದ್ದು, ಮೂತ್ರ ಹೋದದ್ದು ಯಾವಾಗ, ಜ್ವರ ಎಷ್ಟಿತ್ತು, ಉಸಿರಿನ ಎಣಿಕೆ ಎಷ್ಟು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಗು ಕುಡಿಯುವಂತಿದ್ದರೆ ದಾರಿಯಲ್ಲೂ ಎದೆಹಾಲು ಕೊಡುತ್ತಿರಿ.