ಗಣಿ ಬಂಡಿಗಳ ದಾರಿಯಲ್ಲಿ ಜೀಪ್: ಆಲ್ಪೈನ್ ಲೂಪ್‌ನ ನನ್ನ ಅನುಭವ

ಕೊಲರಾಡೋದ ಸ್ಯಾನ್ ವಾನ್ ಬೆಟ್ಟಗಳಲ್ಲಿ ಆಲ್ಪೈನ್ ಲೂಪ್ ಅಂತ ಸುಮಾರು 65 ಮೈಲಿಯ ದಾರಿಯಿದೆ. ಅದರ ಬಹುಪಾಲು 1800ರ ಕೊನೆಯ ದಶಕಗಳಲ್ಲಿ ಬೆಳ್ಳಿ, ಚಿನ್ನದ ಅದಿರು ಸಾಗಿಸಲು ಮಾಡಿದ್ದು. ಹೇಸರಗತ್ತೆ ಮತ್ತು ಬಂಡಿ ಹೋದರೆ ಸಾಕು ಅಂತ ಕಡಿದ ದಾರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಇದು ತಲೆಯಲ್ಲಿದ್ದರೆ ಹೇಗೆ ಓಡಿಸಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ.

ನಾನು ಈ ದಾರಿಯ ಒಂದು ತುದಿಯ ಊರಾದ ಸಿಲ್ವರ್ಟನ್‌ನಿಂದ ಬೆಳಗ್ಗೆ ಬೇಗ ಹೊರಡುತ್ತೇನೆ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಗುಡುಗು ಮಳೆ ಜಾಸ್ತಿ. ಒಂದು ಮರವೂ ಇಲ್ಲದ ಎತ್ತರದಲ್ಲಿ ಸಿಡಿಲಿಗೆ ಸಿಗಬಾರದು. ಟಾರ್ ಮುಗಿದ ಕೂಡಲೇ ಟೈರ್ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸುತ್ತೇನೆ. ಟೈರ್ ಕಲ್ಲಿನ ಮೇಲೆ ಹರಡಿ ಕೂರುತ್ತದೆ, ಹಿಡಿತ ಸಿಗುತ್ತದೆ.

ದಾರಿಯಲ್ಲಿ ಸಿಗುವ ಯುರೇಕಾದಲ್ಲಿ ಅದಿರು ಅರೆಯುತ್ತಿದ್ದ ಸನ್ನಿಸೈಡ್ ಗಿರಣಿಯ ಕಾಂಕ್ರೀಟ್ ಪಾಯ ಗುಡ್ಡದ ಮೈಮೇಲೆ ಹಂತ ಹಂತವಾಗಿ ನಿಂತಿದೆ. ಅದೇ ಹೆಸರಿನ ಸನ್ನಿಸೈಡ್ ಗಣಿಯ ಮೇಲೆ ಎಮ್ಮಾ ಅನ್ನುವ ಕೆರೆ ಇತ್ತು. 1978ರ ಜೂನ್ 4ರಂದು ಅದರ ತಳ ಕುಸಿದು ನೀರೆಲ್ಲ ಸುರಂಗಗಳಿಗೆ ನುಗ್ಗಿತು. ಭಾನುವಾರವಾದ್ದರಿಂದ ಒಳಗೆ ಯಾರೂ ಇರಲಿಲ್ಲ. ಅಲ್ಲಿ ನಿಂತಾಗಲೆಲ್ಲ ಇದು ನೆನಪಾಗಿ ಮೈ ಜುಂ ಅನ್ನುತ್ತದೆ.

ಮುಂದೆ 11,200 ಅಡಿಯಲ್ಲಿ ಅನಿಮಾಸ್ ಫೋರ್ಕ್ಸ್. ಜನ ಬಿಟ್ಟುಹೋದ ಊರು. ಮರದ ಮನೆಗಳು ಇನ್ನೂ ನಿಂತಿವೆ. ಮನೆಗಳನ್ನು ನೋಡಿ, ಆದರೆ ಸುರಂಗದ ಬಾಯಿಗೆ ಮಾತ್ರ ಹೋಗಬೇಡಿ. ಒಳಗೆ ಮರದ ಆಸರೆ ಕೊಳೆತಿರುತ್ತದೆ, ಗಾಳಿ ಉಸಿರಾಡುವಂತಿರುವುದಿಲ್ಲ.

ಇಲ್ಲಿಂದ ಬೆಟ್ಟ ದಾಟುವ 12,800 ಅಡಿಯ ಎಂಜಿನಿಯರ್ ಪಾಸ್‌ಗೆ ನಾನು ಫೋರ್-ಲೋ, ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನವಾದರೂ ಹೆಚ್ಚು ಬಲ ಕೊಡುವ ಗೇರ್, ಹಾಕುತ್ತೇನೆ. ಗಾಳಿ ತೆಳು, ಟರ್ಬೊ ಇಲ್ಲದ ಎಂಜಿನ್ ಮೂರನೇ ಒಂದು ಪಾಲಿಗಿಂತ ಹೆಚ್ಚು ಶಕ್ತಿ ಕಳೆದುಕೊಳ್ಳುತ್ತದೆ. ಇಳಿಯುವಾಗ ಫಸ್ಟ್ ಗೇರ್. ಬ್ರೇಕ್ ಒತ್ತುತ್ತಲೇ ಇದ್ದರೆ ಕಾದು ಕೈಕೊಡುತ್ತದೆ. ಹತ್ತುವ ಗಾಡಿಗೆ ದಾರಿ ಬಿಡಬೇಕು. ಅದಕ್ಕೇ ನಾನು ಎರಡು ತಿರುವು ಮುಂದೆ ನೋಡುತ್ತಾ, ಅಗಲ ಇರುವ ಕಡೆ ಮೊದಲೇ ನಿಲ್ಲುತ್ತೇನೆ. ದಾರಿ ಬಿಟ್ಟು ಹುಲ್ಲಿನ ಮೇಲೆ ಚಕ್ರ ಇಡಲೇಬಾರದು. ಆ ಎತ್ತರದಲ್ಲಿ ಒಮ್ಮೆ ತುಳಿದದ್ದು ಚಿಗುರಲು ವರ್ಷಗಟ್ಟಲೆ ಬೇಕು.

ಕೆಲವು ತೊರೆಗಳ ತಳ ಕಿತ್ತಳೆ ಬಣ್ಣಕ್ಕೆ ತಿರುಗಿದೆ. 2015ರ ಆಗಸ್ಟ್‌ನಲ್ಲಿ ಪಕ್ಕದ ಕಣಿವೆಯ ಗೋಲ್ಡ್ ಕಿಂಗ್ ಗಣಿಯಿಂದ ಸುಮಾರು 30 ಲಕ್ಷ ಗ್ಯಾಲನ್ ವಿಷದ ನೀರು ಹೊರಬಿದ್ದು ಅನಿಮಾಸ್ ನದಿಯೇ ಈ ಬಣ್ಣವಾಗಿತ್ತು. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ನೋಡಿ ಬೆಳೆದ ನನಗೆ ಇದು ಹೊಸದಲ್ಲ, ಆದರೂ ಹೊಟ್ಟೆ ಉರಿಯುತ್ತದೆ. ಕುಡಿಯುವ ನೀರು ಮನೆಯಿಂದಲೇ ತನ್ನಿ. ಚಿಕ್ಕ ಕಂಪ್ರೆಸರ್ ಕೂಡ ಇರಲಿ, ಬೆಟ್ಟದ ಆ ಕಡೆಯ ಊರಾದ ಲೇಕ್ ಸಿಟಿಯಲ್ಲಿ ಟಾರ್ ರಸ್ತೆ ಹತ್ತುವ ಮೊದಲು ಗಾಳಿ ತುಂಬಬೇಕಲ್ವಾ.